ಕಾರ್ನರಿನಲ್ಲಿ ಆಫ್‌ಸೈಡ್ ಉಂಟೇ?

ಈ ವರ್ಷ ನಮ್ಮ ಶಾಲಾ ತಂಡವು ಉಪಜಿಲ್ಲಾ ಮಟ್ಟದ ಕಾಲ್ಚೆಂಡು ಪಂದ್ಯದಲ್ಲಿ ಸೋತ ಸುದ್ದಿ ತಮಗೆಲ್ಲ ತಿಳಿದದ್ದೇ. ಆಟ ಮುಗಿಯಲು ಐದು ನಿಮಿಷಗಳಿದ್ದಾಗ ಎರಡೂ ಕಡೆ ಗೋಲು ಆಗಿರಲಿಲ್ಲ. ಆಗ ನಮಗೊಂದು ಕಾರ್ನರ್ ದೊರೆಯಿತು. ಒಂಬತ್ತನೆಯ ತರಗತಿಯ ನಮ್ಮ ಹುಡುಗನು ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹೊಡೆಯದೆ, ಹತ್ತಿರ ಬಂದು ನಿಂತ ಜೊತೆಗಾರನಿಗೆ ಮೆಲ್ಲನೆ ತಳ್ಳಿದನು. ಜೊತೆಗಾರನು ಅದನ್ನು ಅವನಿಗೇ ಹಿಂದಿರುಗಿಸಿದನು. ಅವನು ಎತ್ತಿ ಹೊಡೆದನು. ಇನ್ನೊಬ್ಬನು ತಲೆಯಿಂದ ತಳ್ಳಿ ಗೋಲು ಮಾಡಿದನು. ನಾವೆಲ್ಲ ಕುಣಿದಾಡಿದೆವು. ತಿರುಗಿ ನೋಡಿದರೆ ಲೈನ್ಸ್‌ಮನ್ನನ ಬಾವುಟ ಮೇಲೆದ್ದಿತ್ತು. ಗೋಲು ರದ್ದಾಯಿತು. ಕೊನೆಗೆ ಟೈಬ್ರೇಕರಿನಲ್ಲಿ ನಾವು ಸೋತೆವು.

ಆಮೇಲೆ ಮೈದಾನದ ಅಂಚಿನಲ್ಲಿ ನಡೆದ ಗದ್ದಲವನ್ನು ಇಲ್ಲಿ ಬರೆಯುವುದು ಶೋಭೆಯಲ್ಲ. ಬಾವುಟ ಹಿಡಿದವನು ಹನ್ನೆರಡನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಹಿರಿಯರು ಅವನ ಸುತ್ತ ನಿಂತು, "ಕಾರ್ನರಿನಲ್ಲಿ ಆಫ್‌ಸೈಡ್ ಇಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತು, ನಿನಗೆ ಗೊತ್ತಿಲ್ಲವೇ?" ಎಂದು ಕೇಳಿದರು. ಆ ಹುಡುಗನ ಕಣ್ಣಲ್ಲಿ ನೀರು ಬಂದಿತ್ತು. ಇತ್ತ ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮ ಕಾರ್ನರ್ ಹೊಡೆದ ಹುಡುಗನೊಡನೆ ಯಾರೂ ಮಾತನಾಡಲಿಲ್ಲ.

ಹಿರಿಯರು ಹೇಳಿದ್ದು ಸರಿ. ಬಾವುಟ ಎತ್ತಿದವನು ಮಾಡಿದ್ದೂ ಸರಿ. ಇವೆರಡೂ ಹೇಗೆ ಸರಿಯಾಗಬಹುದು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ನಮ್ಮ ಮಕ್ಕಳಿಗೆ ಇದು ಏಕೆ ಕಷ್ಟ?

ಕಾಸರಗೋಡಿನ ಮಕ್ಕಳಿಗೆ ಕಾಲ್ಚೆಂಡನ್ನು ಯಾರೂ ಕಲಿಸಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆ, ನಾಲ್ಕು ಕೋಲು, ಒಂದು ಚೆಂಡು ಇದ್ದರೆ ಸಾಕು. ಆದರೆ ಗದ್ದೆಯಲ್ಲಿ ನಾವು ಆಡುವುದು ಏಳೇಳು ಮಂದಿಯ 'ಸೆವೆನ್ಸ್'. ಅಲ್ಲಿ ಆಫ್‌ಸೈಡನ್ನು ಯಾರೂ ಲೆಕ್ಕಿಸುವುದಿಲ್ಲ. ಚುರುಕಿನ ಒಬ್ಬ ಹುಡುಗ ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲುತ್ತಾನೆ. ಚೆಂಡು ಬಂದೊಡನೆ ಒಳಗೆ ತಳ್ಳುತ್ತಾನೆ. ಅವನೇ ಊರಿನ ವೀರ. ಅದೇ ಹುಡುಗ ಹನ್ನೊಂದು ಮಂದಿಯ ಶಾಲಾ ಪಂದ್ಯಕ್ಕೆ ಬಂದು ಅದೇ ಜಾಗದಲ್ಲಿ ನಿಂತರೆ ಅವನ ಆಟವೆಲ್ಲ ಬಾವುಟದಲ್ಲಿಯೇ ಮುಗಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಟಿ.ವಿ.ಯಲ್ಲಿ ನಾವು ಕೇಳುವ ವಿವರಣೆ ಹೆಚ್ಚಾಗಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿ. 'ಆಫ್‌ಸೈಡ್' ಎಂಬ ಪದ ಮಾತ್ರ ಕಿವಿಗೆ ಬೀಳುತ್ತದೆ, ಅದರ ಹಿಂದಿನ ಲೆಕ್ಕ ಬೀಳುವುದಿಲ್ಲ. ಆದುದರಿಂದ ಆ ಲೆಕ್ಕವನ್ನು ನಮ್ಮ ಭಾಷೆಯಲ್ಲಿ ಒಮ್ಮೆ ಮಾಡಿ ನೋಡೋಣ.

ಮೊದಲು ಸ್ಥಾನ

ಕಾಲ್ಚೆಂಡಿನ ನಿಯಮಗಳು ಒಟ್ಟು 17. ಅವುಗಳಲ್ಲಿ ಹನ್ನೊಂದನೆಯದು ಆಫ್‌ಸೈಡ್ ನಿಯಮ. ಒಬ್ಬ ಆಟಗಾರನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ ಎನ್ನಬೇಕಾದರೆ ಮೂರು ವಿಷಯಗಳು ಒಟ್ಟಿಗೆ ಕೂಡಿ ಬರಬೇಕು.

ಒಂದು, ಅವನು ಎದುರಾಳಿಯ ಅರ್ಧದಲ್ಲಿರಬೇಕು. ನಡುಗೆರೆಯ ಮೇಲೆ ನಿಂತವನು ಎದುರಾಳಿಯ ಅರ್ಧದಲ್ಲಿಲ್ಲ.

ಎರಡು, ಅವನು ಚೆಂಡಿಗಿಂತಲೂ ಎದುರಾಳಿಯ ಗೋಲು ರೇಖೆಗೆ ಹತ್ತಿರದಲ್ಲಿರಬೇಕು. ಗೋಲು ರೇಖೆ ಎಂದರೆ ಎರಡು ಕಂಬಗಳ ನಡುವಿನ ಗೆರೆ ಮಾತ್ರವಲ್ಲ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗಿನ ಇಡೀ ಗೆರೆ.

ಮೂರು, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಅವನು ಗೋಲು ರೇಖೆಗೆ ಹತ್ತಿರದಲ್ಲಿರಬೇಕು. ಸಾಮಾನ್ಯವಾಗಿ ಕೊನೆಯವನು ಗೋಲ್‌ಕೀಪರ್, ಅವನ ಮುಂದಿನವನು ಒಬ್ಬ ಬ್ಯಾಕ್. ಆದರೆ ಗೋಲ್‌ಕೀಪರ್ ಮುಂದೆ ಓಡಿ ಬಂದಿದ್ದರೆ ಲೆಕ್ಕ ಬದಲಾಗುತ್ತದೆ. ಎಣಿಸಬೇಕಾದದ್ದು ಕೊನೆಯ ಇಬ್ಬರನ್ನು, ಅವರು ಯಾರೇ ಆಗಿರಲಿ.

ಈ ಮೂರರಲ್ಲಿ ಒಂದು ತಪ್ಪಿದರೂ ಆಫ್‌ಸೈಡ್ ಸ್ಥಾನವಿಲ್ಲ. ಕೊನೆಯಿಂದ ಎರಡನೆಯವನಿಗೆ ಸರಿಸಮನಾಗಿ ನಿಂತರೂ ಇಲ್ಲ. ತಲೆ, ಮೈ, ಪಾದ ಇವುಗಳಲ್ಲಿ ಯಾವುದೇ ಭಾಗ ಮುಂದಿದ್ದರೂ ಲೆಕ್ಕಕ್ಕೆ ಬರುತ್ತದೆ. ಕೈಗಳು ಮಾತ್ರ ಬರುವುದಿಲ್ಲ. ಗೋಲ್‌ಕೀಪರನ ಕೈಗಳಿಗೂ ಇದೇ ಮಾತು.

ಸ್ಥಾನ ಬೇರೆ, ತಪ್ಪು ಬೇರೆ

ಆಫ್‌ಸೈಡ್ ಸ್ಥಾನದಲ್ಲಿ ನಿಲ್ಲುವುದು ತಪ್ಪಲ್ಲ. ಈ ಒಂದು ಮಾತನ್ನು ಅರ್ಥ ಮಾಡಿಕೊಂಡರೆ ಅರ್ಧ ನಿಯಮ ಅರ್ಥವಾದಂತೆ. ನಮ್ಮ ಯಕ್ಷಗಾನದಲ್ಲಿ ವೇಷ ಕಟ್ಟಿ ಚೌಕಿಯಲ್ಲಿ ಕುಳಿತವನು ಆ ಹೊತ್ತಿನ ಕಥೆಯಲ್ಲಿ ಇಲ್ಲ. ರಂಗಸ್ಥಳಕ್ಕೆ ಬಂದಾಗಲೇ ಅವನು ಪಾತ್ರ. ಇಲ್ಲಿಯೂ ಹಾಗೆ. ಜೊತೆಗಾರನು ಚೆಂಡನ್ನು ಮುಟ್ಟಿದ ಕ್ಷಣದಲ್ಲಿ ಆಫ್‌ಸೈಡ್ ಸ್ಥಾನದಲ್ಲಿದ್ದವನು ಆಮೇಲೆ ಆಟದಲ್ಲಿ ಕೈಹಾಕಿದರೆ ಮಾತ್ರ ತಪ್ಪು. ಚೆಂಡನ್ನು ಮುಟ್ಟುವುದು, ಗೋಲ್‌ಕೀಪರನ ದೃಷ್ಟಿಗೆ ಅಡ್ಡ ನಿಲ್ಲುವುದು, ಚೆಂಡಿಗಾಗಿ ಎದುರಾಳಿಯೊಡನೆ ಸೆಣಸುವುದು, ಕಂಬಕ್ಕೋ ಗೋಲ್‌ಕೀಪರನಿಗೋ ತಾಗಿ ಹಿಂದೆ ಬಂದ ಚೆಂಡಿನ ಲಾಭ ಪಡೆಯುವುದು, ಇವೆಲ್ಲ ಕೈಹಾಕಿದಂತೆಯೇ.

ನೋಡಬೇಕಾದ ಕ್ಷಣ ಯಾವುದು ಎಂಬುದೂ ಮುಖ್ಯ. ಚೆಂಡು ತಲುಪಿದಾಗ ಎಲ್ಲಿದ್ದ ಎಂದಲ್ಲ. ಜೊತೆಗಾರನ ಕಾಲಿನಿಂದ ಚೆಂಡು ಹೊರಟಾಗ ಎಲ್ಲಿದ್ದ ಎಂದು ನೋಡಬೇಕು. ಹಿಂದಿನಿಂದ ಓಡಿ ಬಂದವನು ಚೆಂಡು ಸಿಗುವಾಗ ಎಲ್ಲರನ್ನೂ ದಾಟಿರಬಹುದು. ನೋಡುವ ನಮಗೆ ಅದು ಆಫ್‌ಸೈಡಿನಂತೆ ಕಾಣುತ್ತದೆ. ಆದರೆ ಚೆಂಡು ಹೊರಟಾಗ ಅವನು ಸರಿಯಾದ ಸ್ಥಾನದಲ್ಲಿದ್ದರೆ ತಪ್ಪಿಲ್ಲ.

ಮಾಫಿ ಇರುವ ಮೂರು ಸಂದರ್ಭಗಳು

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಚೆಂಡು ಹೊರಗೆ ಹೋಗಿಯೋ ಸೀಟಿಯ ಕಾರಣದಿಂದಲೋ ಆಟ ನಿಂತು, ಮರಳಿ ಆರಂಭವಾಗುವ ಸಂದರ್ಭಗಳು ಹಲವು. ಅವುಗಳಲ್ಲಿ ಮೂರಕ್ಕೆ ಮಾತ್ರ ಆಫ್‌ಸೈಡಿನಿಂದ ಮಾಫಿ ಇದೆ: ತ್ರೋ ಇನ್, ಗೋಲ್ ಕಿಕ್ ಮತ್ತು ಕಾರ್ನರ್ ಕಿಕ್. ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದಕ್ಕಾಗಿ ಒಳಗೆ ತರುವ ಹೊಡೆತಗಳು ಇವು ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ತ್ರೋ ಇನ್: ಜೊತೆಗಾರನು ಪಕ್ಕದ ಗೆರೆಯಿಂದ ಎಸೆದ ಚೆಂಡನ್ನು ನೇರವಾಗಿ ಪಡೆಯುವವನು ಎಲ್ಲಿ ಬೇಕಾದರೂ ನಿಲ್ಲಬಹುದು. ಎದುರಾಳಿಯ ಬ್ಯಾಕ್‌ಗಳೆಲ್ಲರ ಹಿಂದೆ, ಗೋಲ್‌ಕೀಪರನ ಪಕ್ಕದಲ್ಲಿ ನಿಂತರೂ ಸರಿ. ಬುದ್ಧಿವಂತ ತಂಡಗಳು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ನಮ್ಮವರು ಮಾತ್ರ ಭಯದಿಂದ ಹಿಂದೆಯೇ ನಿಲ್ಲುತ್ತಾರೆ. ಎಸೆದ ಚೆಂಡು ಯಾರಿಗೂ ತಾಗದೆ ನೇರವಾಗಿ ಗೋಲಿನೊಳಗೆ ಹೋದರೆ ಗೋಲು ಸಿಗುವುದಿಲ್ಲ, ಎದುರಾಳಿಗೆ ಗೋಲ್ ಕಿಕ್ ಸಿಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಗೋಲ್ ಕಿಕ್: ಇಲ್ಲಿಯೂ ನೇರವಾಗಿ ಚೆಂಡು ಪಡೆಯುವವನಿಗೆ ಆಫ್‌ಸೈಡ್ ಇಲ್ಲ. ಹಿಂದೆ ಚೆಂಡು ಪೆನಾಲ್ಟಿ ಆವರಣವನ್ನು ದಾಟಿದ ಮೇಲೆಯೇ ಆಟ ಶುರುವಾಗುತ್ತಿತ್ತು; 2019ರಿಂದ ಚೆಂಡನ್ನು ಒದ್ದು ಅದು ಸರಿದ ಕೂಡಲೇ ಆಟ ಶುರು. ಆದರೆ ಮಕ್ಕಳು ಇಲ್ಲೊಂದು ಕಡೆ ಮೋಸ ಹೋಗುತ್ತಾರೆ. ಗೋಲ್‌ಕೀಪರನು ಆಟದ ನಡುವೆ ಕೈಯಲ್ಲಿ ಹಿಡಿದ ಚೆಂಡನ್ನು ಒದೆಯುವುದು ಗೋಲ್ ಕಿಕ್ ಅಲ್ಲ. ನೆಲದ ಮೇಲೆ ಗೋಲಿನ ಆವರಣದೊಳಗೆ ಇಟ್ಟು ಒದ್ದರೆ ಮಾತ್ರ ಗೋಲ್ ಕಿಕ್. ನೋಡುವುದಕ್ಕೆ ಎರಡೂ ಒಂದೇ ತರಹ: ಅದೇ ಗೋಲ್‌ಕೀಪರ್, ಅದೇ ದೂರದ ಹೊಡೆತ. ಆದರೆ ಕೈಯಿಂದ ಬಿಟ್ಟು ಒದ್ದ ಚೆಂಡಿಗೆ ಆಫ್‌ಸೈಡ್ ಉಂಟು, ನೆಲದಿಂದ ಒದ್ದ ಗೋಲ್ ಕಿಕ್‌ಗೆ ಇಲ್ಲ.

ಕಾರ್ನರ್ ಕಿಕ್: ಇದರ ಮಾಫಿಗೆ ಕಾರಣ ಸುಲಭ. ಚೆಂಡು ಮೈದಾನದ ತೀರ ಮೂಲೆಯಲ್ಲಿದೆ. ಗೋಲು ರೇಖೆಗೆ ಚೆಂಡಿಗಿಂತ ಹತ್ತಿರವಾಗಲು ಮುಂದೆ ಸ್ಥಳವೇ ಉಳಿದಿಲ್ಲ. ಹೊಡೆದ ಕಾರ್ನರನ್ನು ನೇರವಾಗಿ ಪಡೆಯುವವನು ಗೋಲು ರೇಖೆಯ ಮೇಲೆಯೇ ನಿಂತಿದ್ದರೂ ಆಫ್‌ಸೈಡ್ ಆಗುವುದಿಲ್ಲ. ಆದರೆ ಅವನು ಗೋಲ್‌ಕೀಪರನನ್ನು ತಡೆದು ಹಿಡಿದರೆ ಅದು ಬೇರೆ ತಪ್ಪು. ಆಫ್‌ಸೈಡಿನ ಮಾಫಿ ಅದಕ್ಕೆ ಅನ್ವಯಿಸುವುದಿಲ್ಲ.

ಮಾಫಿ ಒಂದು ಸ್ಪರ್ಶಕ್ಕೆ ಮಾತ್ರ

ಈ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಲಿ. ಮಾಫಿ ಇರುವುದು ಆ ಎಸೆತಕ್ಕೆ ಅಥವಾ ಆ ಹೊಡೆತಕ್ಕೆ ಮಾತ್ರ. ಅದೇ ತಂಡದ ಎರಡನೆಯವನು ಚೆಂಡನ್ನು ಮುಟ್ಟಿದ ಕ್ಷಣದಲ್ಲಿ ಮಾಫಿ ಮುಗಿಯಿತು, ಹೊಸ ಲೆಕ್ಕ ಶುರುವಾಯಿತು. ಬಸ್ಸಿನ ಟಿಕೆಟು ಒಂದು ಪ್ರಯಾಣಕ್ಕೆ ಮಾತ್ರ ಸಲ್ಲುವಂತೆ ಇದು.

ನಮ್ಮ ಪಂದ್ಯದ ಕಾರ್ನರನ್ನು ಈಗ ಅಳೆದು ನೋಡೋಣ. ಲೆಕ್ಕಕ್ಕೆ ಸುಲಭವಾಗಲೆಂದು ಅಳತೆಗಳನ್ನು ಅಂದಾಜಿನಿಂದ ಕೊಡುತ್ತೇನೆ. ಕಾರ್ನರ್ ಹೊಡೆದವನು ಮೂಲೆಯಲ್ಲಿ, ಗೋಲು ರೇಖೆಯಿಂದ 1 ಮೀಟರ್ ದೂರದಲ್ಲಿ ನಿಂತೇ ಇದ್ದನು. ಅವನಿಂದ ಚೆಂಡು ಪಡೆದ ಜೊತೆಗಾರನು ಗೋಲು ರೇಖೆಯಿಂದ 6 ಮೀಟರ್ ದೂರದಲ್ಲಿದ್ದನು. ಎದುರಾಳಿಯ ಗೋಲ್‌ಕೀಪರ್ ರೇಖೆಯ ಮೇಲೆ. ಉಳಿದವರು ಚೆಂಡು ಹೊರಟೊಡನೆ ಮುಂದೆ ಬಂದುದರಿಂದ ಕೊನೆಯಿಂದ ಎರಡನೆಯವನು 5 ಮೀಟರ್ ದೂರದಲ್ಲಿದ್ದನು. ಈಗ ಜೊತೆಗಾರನು ಚೆಂಡನ್ನು ಹಿಂದಿರುಗಿಸಿದನು. ಆ ಕ್ಷಣದಲ್ಲಿ ಕಾರ್ನರ್ ಹೊಡೆದವನ ದೂರ 1 ಮೀಟರ್, ಚೆಂಡಿನ ದೂರ 6, ಕೊನೆಯಿಂದ ಎರಡನೆಯ ಎದುರಾಳಿಯ ದೂರ 5. ಅವನು ಇಬ್ಬರಿಗಿಂತಲೂ ಗೋಲು ರೇಖೆಗೆ ಹತ್ತಿರ. ಮೂರು ವಿಷಯಗಳೂ ಕೂಡಿ ಬಂದವು. ಚೆಂಡನ್ನು ಮುಟ್ಟಿದಾಗ ತಪ್ಪೂ ಆಯಿತು.

ಹಾಗಾದರೆ ಕಾರ್ನರಿನಲ್ಲಿ ಆಫ್‌ಸೈಡ್ ಇಲ್ಲ ಎಂದ ಹಿರಿಯರ ಮಾತು ಸುಳ್ಳೇ? ಅಲ್ಲ. ಕಾರ್ನರ್ ಕಿಕ್‌ನಲ್ಲಿ ಆಫ್‌ಸೈಡ್ ಆಗಲಿಲ್ಲ. ಅದರ ಮುಂದಿನ ಪಾಸಿನಲ್ಲಿ ಆಯಿತು. ನಮ್ಮ ಕಣ್ಣಿಗೆ ಎರಡೂ ಸೇರಿ ಒಂದೇ ಕಾರ್ನರ್ ಆಗಿ ಕಂಡಿತು, ಅಷ್ಟೆ.

ಇದನ್ನು ತಪ್ಪಿಸುವ ದಾರಿ ಎರಡು. ಹೊಡೆದವನು ಕೂಡಲೇ ಗೋಲು ರೇಖೆಯಿಂದ ದೂರ ಓಡಿ ಬಂದು, ಚೆಂಡಿನ ಸಮಕ್ಕೋ ಅದಕ್ಕಿಂತ ಹಿಂದಕ್ಕೋ ಸೇರಬೇಕು. ಇಲ್ಲವಾದರೆ ಜೊತೆಗಾರನು ಅವನಿಗೆ ಹಿಂದಿರುಗಿಸದೆ ತಾನೇ ಗೋಲಿನ ಮುಂದಕ್ಕೆ ಹೊಡೆಯಬೇಕು. ಒಂದು ವೇಳೆ ಎದುರಾಳಿಯ ಇನ್ನೊಬ್ಬನು ಗೋಲು ಕಂಬದ ಬಳಿ ರೇಖೆಯ ಮೇಲೆಯೇ ಉಳಿದಿದ್ದರೆ ಆಫ್‌ಸೈಡ್ ಆಗುತ್ತಿರಲಿಲ್ಲ. ಯಾಕೆಂದರೆ ಆಗ ಗೋಲ್‌ಕೀಪರ್ ಮತ್ತು ಅವನು ಸೇರಿ ಇಬ್ಬರು ರೇಖೆಯ ಮೇಲಿರುತ್ತಾರೆ. ಆದುದರಿಂದ ಪಾಸ್ ಕೊಡುವ ಮೊದಲು ಆ ಕಂಬದತ್ತ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯ ಅಭ್ಯಾಸ.

ತ್ರೋ ಇನ್‌ನಲ್ಲಿಯೂ ಹೀಗೆಯೇ. ಎಸೆದವನು ಗೆರೆಯೊಳಗೆ ಬಂದು ಅಲ್ಲಿಯೇ ನಿಂತು, ಜೊತೆಗಾರನಿಂದ ಚೆಂಡನ್ನು ಹಿಂದೆ ಪಡೆದರೆ ಆ ಪಾಸಿಗೆ ಮಾಫಿ ಇಲ್ಲ. ಎಸೆದ ಚೆಂಡನ್ನು ಒಬ್ಬನು ತಲೆಯಿಂದ ಮುಂದಕ್ಕೆ ತಳ್ಳಿದರೆ, ತಲೆಗೆ ತಾಗಿದ ಕ್ಷಣದಲ್ಲಿ ಉಳಿದವರ ಸ್ಥಾನವನ್ನು ಹೊಸದಾಗಿ ನೋಡಬೇಕು. ಆದರೆ ಎಸೆದ ಚೆಂಡು ಎದುರಾಳಿಗೆ ತಾಗಿ ನಮ್ಮವನಿಗೆ ಸಿಕ್ಕಿದರೆ ಆಫ್‌ಸೈಡ್ ಇಲ್ಲ. ನಮ್ಮ ಕಡೆಯ ಕೊನೆಯ ಸ್ಪರ್ಶ ಇನ್ನೂ ಆ ಎಸೆತವೇ ಆಗಿದೆಯಲ್ಲವೇ?

ಮಾಫಿ ಇಲ್ಲದ ಸಂದರ್ಭಗಳು

ಫ್ರೀ ಕಿಕ್‌ಗೆ ಮಾಫಿ ಇಲ್ಲ. ನೇರ ಫ್ರೀ ಕಿಕ್ ಆದರೂ ಪರೋಕ್ಷ ಫ್ರೀ ಕಿಕ್ ಆದರೂ ಒಂದೇ. ಚೆಂಡು ನಿಂತಿದೆ, ಎಲ್ಲರೂ ಕಾಯುತ್ತಿದ್ದಾರೆ, ಕಾರ್ನರಿನಂತೆಯೇ ಕಾಣುತ್ತದೆ. ಆದುದರಿಂದ ಇಲ್ಲಿ ಹೆಚ್ಚು ಮಂದಿ ಮೋಸ ಹೋಗುತ್ತಾರೆ. ಅನುಭವಿ ತಂಡಗಳು ನಮ್ಮವನು ಒದೆಯಲು ಓಡಿ ಬರುವಾಗ ಒಟ್ಟಾಗಿ ಎರಡು ಹೆಜ್ಜೆ ಮುಂದೆ ಬರುತ್ತವೆ. ಆಗ ಗೋಲಿನ ಬಳಿ ನಿಂತ ನಮ್ಮವರೆಲ್ಲ ಆಫ್‌ಸೈಡ್ ಸ್ಥಾನದಲ್ಲಿ ಉಳಿಯುತ್ತಾರೆ. ಫ್ರೀ ಕಿಕ್ ಹೊಡೆಯುವಾಗ ನಮ್ಮವರು ನೋಡಬೇಕಾದದ್ದು ಚೆಂಡನ್ನು ಮಾತ್ರವಲ್ಲ, ಎದುರಾಳಿಯ ಕೊನೆಯ ಸಾಲನ್ನು.

ಫ್ರೀ ಕಿಕ್ ನೇರವಾಗಿ ಗೋಲಿಗೆ ಹೋದಾಗ, ದೂರದಲ್ಲಿ ಆಫ್‌ಸೈಡ್ ಸ್ಥಾನದಲ್ಲಿ ಸುಮ್ಮನೆ ನಿಂತವನಿಂದ ಗೋಲು ಕೆಡುವುದಿಲ್ಲ. ಅವನು ಗೋಲ್‌ಕೀಪರನ ದೃಷ್ಟಿಗೆ ಅಡ್ಡವಾಗಿದ್ದರೆ ಕೆಡುತ್ತದೆ. ಚೆಂಡು ಕಂಬಕ್ಕೆ ಬಡಿದು ಹಿಂದೆ ಬಂದಾಗ ಅವನೇ ಅದನ್ನು ಒಳಗೆ ತಳ್ಳಿದರೂ ಕೆಡುತ್ತದೆ. ಕಂಬಕ್ಕೆ ತಾಗಿದ್ದರಿಂದಲೋ ಗೋಲ್‌ಕೀಪರನು ತಡೆದದ್ದರಿಂದಲೋ ಹಳೆಯ ತಪ್ಪು ತೊಳೆದು ಹೋಗುವುದಿಲ್ಲ.

ಪೆನಾಲ್ಟಿ ಕಿಕ್‌ಗೂ ಮಾಫಿ ಎಂಬುದಿಲ್ಲ. ಆದರೆ ಒದೆಯುವವನ ಜೊತೆಗಾರರೆಲ್ಲ ಚೆಂಡಿನ ಹಿಂದೆ, ಆವರಣದ ಹೊರಗೆ, ಚೆಂಡಿನಿಂದ 9.15 ಮೀಟರ್ ದೂರದಲ್ಲಿ ನಿಲ್ಲಬೇಕಾದುದರಿಂದ, ನಿಯಮ ಪಾಲಿಸಿದವರು ಆಫ್‌ಸೈಡ್ ಆಗುವುದಿಲ್ಲ. ಗೋಲ್‌ಕೀಪರನು ತಳ್ಳಿದ ಚೆಂಡನ್ನು ಅವರು ಓಡಿ ಬಂದು ಗೋಲಿಗೆ ಹೊಡೆಯಬಹುದು. 1982ರಲ್ಲಿ ಹಾಲೆಂಡಿನ ಯೋಹಾನ್ ಕ್ರೈಫ್ ಪೆನಾಲ್ಟಿಯನ್ನು ಗೋಲಿಗೆ ಹೊಡೆಯದೆ ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ತಳ್ಳಿದನು. ಹಿಂದಿನಿಂದ ಓಡಿ ಬಂದ ಜೆಸ್ಪರ್ ಓಲ್ಸೆನ್ ಅದನ್ನು ಪಡೆದು ಮತ್ತೆ ಕ್ರೈಫನಿಗೇ ಕೊಟ್ಟನು. ಕ್ರೈಫ್ ಗೋಲು ಮಾಡಿದನು. ಪಾಸ್ ಬರುವಾಗ ಕ್ರೈಫ್ ಚೆಂಡಿಗಿಂತ ಹಿಂದಿದ್ದನು, ಆದುದರಿಂದ ಗೋಲು ಸರಿಯಾಯಿತು. ನಮ್ಮ ಕಾರ್ನರಿನ ಹುಡುಗನಿಗೂ ಕ್ರೈಫನಿಗೂ ಇದ್ದ ವ್ಯತ್ಯಾಸ ಇಷ್ಟೇ: ಒಬ್ಬನು ಚೆಂಡಿನ ಹಿಂದೆ ಇದ್ದನು, ಇನ್ನೊಬ್ಬನು ಮುಂದೆ.

ಆಟದ ಆರಂಭದ ಕಿಕ್‌ನಲ್ಲಿ ಒದೆಯುವವನ ಹೊರತು ಎಲ್ಲರೂ ತಮ್ಮ ಅರ್ಧದಲ್ಲಿಯೇ ಇರಬೇಕಾದುದರಿಂದ ಆ ಪ್ರಶ್ನೆಯೇ ಏಳುವುದಿಲ್ಲ. ರೆಫರಿ ತಾನೇ ಚೆಂಡನ್ನು ನೆಲಕ್ಕೆ ಬಿಡುವಾಗಲೂ ಅಷ್ಟೆ; ಚೆಂಡು ಬಿಟ್ಟವನು ಯಾರ ಜೊತೆಗಾರನೂ ಅಲ್ಲ. ಅದನ್ನು ಪಡೆದವನು ಪಾಸ್ ಕೊಟ್ಟಾಗ ಮಾತ್ರ ಲೆಕ್ಕ ಶುರು.

ಈ ನಿಯಮ ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ 1863ರಲ್ಲಿ ಕಾಲ್ಚೆಂಡಿನ ನಿಯಮಗಳನ್ನು ಮೊದಲಾಗಿ ಒಂದುಗೂಡಿಸಿ ಬರೆದಾಗ, ಚೆಂಡಿಗಿಂತ ಮುಂದೆ ಇದ್ದ ಜೊತೆಗಾರರೆಲ್ಲರೂ ಆಟದಿಂದ ಹೊರಗೆ ಎಂದಿತ್ತು. ಅಂದರೆ ಮುಂದಕ್ಕೆ ಪಾಸ್ ಕೊಡುವಂತೆಯೇ ಇರಲಿಲ್ಲ. 1866ರಲ್ಲಿ, ಮುಂದೆ ಮೂವರು ಎದುರಾಳಿಗಳಿದ್ದರೆ ತಪ್ಪಿಲ್ಲ ಎಂದಾಯಿತು. 1907ರಲ್ಲಿ ಸ್ವಂತ ಅರ್ಧದಲ್ಲಿದ್ದವನಿಗೆ ಆಫ್‌ಸೈಡ್ ಇಲ್ಲ ಎಂದರು. ತ್ರೋ ಇನ್‌ಗೆ ಮಾಫಿ ಬಂದದ್ದು 1920ರಲ್ಲಿ. 1925ರಲ್ಲಿ ಮೂವರನ್ನು ಇಬ್ಬರಿಗೆ ಇಳಿಸಿದರು. ಅದರ ಪರಿಣಾಮವನ್ನು ನೋಡಿ: ಇಂಗ್ಲಿಷ್ ಲೀಗಿನ 1,848 ಪಂದ್ಯಗಳಲ್ಲಿ ಹಿಂದಿನ ವರ್ಷ 4,700 ಗೋಲುಗಳಾಗಿದ್ದರೆ, ಮರು ವರ್ಷ ಅಷ್ಟೇ ಪಂದ್ಯಗಳಲ್ಲಿ 6,373 ಗೋಲುಗಳಾದವು. ಸರಿಸಮನಾಗಿ ನಿಂತವನು ತಪ್ಪಿತಸ್ಥನಲ್ಲ ಎಂಬ ರಿಯಾಯಿತಿ 1990ರಲ್ಲಿ ಬಂತು.

ಹೀಗೆ ನೋಡಿದರೆ ಕಾಲಕಾಲಕ್ಕೆ ಈ ನಿಯಮ ಸಡಿಲವಾಗುತ್ತಲೇ ಬಂದಿದೆ. ಆದರೂ ಅದನ್ನು ತೆಗೆದುಹಾಕಿಲ್ಲ. ತೆಗೆದರೆ ಎಲ್ಲರೂ ಗೋಲಿನ ಬಳಿಯೇ ಕಾದು ನಿಲ್ಲುತ್ತಾರೆ, ನಡು ಮೈದಾನ ಬರಿದಾಗುತ್ತದೆ, ಕೂಡಿ ಆಡುವ ಆಟ ಹೋಗಿ ಎತ್ತಿ ಒದೆಯುವ ಆಟ ಮಾತ್ರ ಉಳಿಯುತ್ತದೆ.

2022ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ತಂಡವು ಸೌದಿ ಅರೇಬಿಯಾಕ್ಕೆ 2–1ರಿಂದ ಸೋತ ದಿನ ನಮ್ಮೂರಿನ ಎಷ್ಟು ಮನೆಗಳಲ್ಲಿ ಊಟ ತಡವಾಯಿತೋ! ಆ ದಿನ ಮೊದಲ ಅರ್ಧದಲ್ಲಿಯೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡಿನಿಂದ ರದ್ದಾದವು. ಮೆಸ್ಸಿಯಂತಹವನೇ ಆ ಗೆರೆಗೆ ಸಿಕ್ಕಿಬಿದ್ದ ಮೇಲೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನು ನಾಚಬೇಕಾದದ್ದು ಏನೂ ಇಲ್ಲ.

ತೀರ ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇರಬಾರದು ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ನಾಲ್ಕು ನಾಲ್ಕು ಮಂದಿಯ ಎಳೆಯರ ಆಟದಲ್ಲಿ ಆಫ್‌ಸೈಡ್ ಇಲ್ಲವೇ ಇಲ್ಲ. ಅದಕ್ಕಿಂತ ತುಸು ದೊಡ್ಡವರ ಏಳು ಮಂದಿಯ ಆಟದಲ್ಲಿ ನಡುಗೆರೆಗೂ ಪೆನಾಲ್ಟಿ ಆವರಣಕ್ಕೂ ನಡುವೆ ಇನ್ನೊಂದು ಗೆರೆ ಎಳೆದು, ಅದನ್ನು ದಾಟಿದ ಮೇಲೆ ಮಾತ್ರ ಆಫ್‌ಸೈಡ್ ನೋಡುತ್ತಾರೆ. ನಮ್ಮ ಪ್ರಾಥಮಿಕ ವಿಭಾಗದ ಮಕ್ಕಳು ಗದ್ದೆಯ ಆಟವನ್ನೇ ಆಡಿಕೊಂಡಿರಲಿ. ಹೈಸ್ಕೂಲಿಗೆ ಬಂದ ಮೇಲೆ ಲೆಕ್ಕ ಕಲಿತರೆ ಸಾಕು.

ನಾಲ್ಕು ಪ್ರಶ್ನೆಗಳು

ವಿದ್ಯಾರ್ಥಿಗಳು ಉತ್ತರ ನೋಡುವ ಮೊದಲು ತಾವೇ ಯೋಚಿಸಬೇಕು.

1. ನಮ್ಮ ಗೋಲ್‌ಕೀಪರನು ಗೋಲ್ ಕಿಕ್ ಹೊಡೆದನು. ಎದುರಾಳಿಯ ಬ್ಯಾಕ್‌ಗಳ ಹಿಂದಿದ್ದ ನಮ್ಮವನು ನೇರವಾಗಿ ಚೆಂಡು ಪಡೆದು ಗೋಲು ಮಾಡಿದನು. — ಗೋಲು ಸರಿ.

2. ಕಾರ್ನರಿನಿಂದ ಬಂದ ಚೆಂಡನ್ನು ಒಬ್ಬಳು ಗೋಲಿಗೆ ಹೊಡೆದಳು. ಆ ಕ್ಷಣದಲ್ಲಿ ಗೋಲ್‌ಕೀಪರಳ ಎದುರೇ ಅವಳ ಜೊತೆಗಾರ್ತಿ ಅಡ್ಡವಾಗಿ ನಿಂತಿದ್ದಳು. ಉಳಿದ ಎದುರಾಳಿಗಳೆಲ್ಲ ಮುಂದೆ ಬಂದಿದ್ದರು. — ಆಫ್‌ಸೈಡ್. ಕಾರ್ನರಿನ ಮಾಫಿ ಮೊದಲ ಸ್ಪರ್ಶದಲ್ಲಿಯೇ ಮುಗಿದಿದೆ.

3. ಫ್ರೀ ಕಿಕ್ ಹೊಡೆದಾಗ ನಮ್ಮವನು ಕೊನೆಯ ಬ್ಯಾಕ್‌ಗೆ ಸರಿಸಮನಾಗಿದ್ದು, ಆಮೇಲೆ ಓಡಿ ಮುಂದೆ ಹೋಗಿ ಚೆಂಡು ಪಡೆದನು. — ಆಫ್‌ಸೈಡ್ ಅಲ್ಲ.

4. ಕಾರ್ನರ್ ಹೊಡೆಯುವಾಗ ಎದುರಾಳಿಯ ಬ್ಯಾಕ್ ಒಬ್ಬನು ಓಡುವ ರಭಸಕ್ಕೆ ಗೋಲು ರೇಖೆ ದಾಟಿ ಹೊರಗೆ ಹೋದನು. ಕೂಡಲೇ ನಮ್ಮವರ ನಡುವೆ ಪಾಸ್ ನಡೆಯಿತು. ಅವನನ್ನು ಎಣಿಸಬೇಕೇ? — ಎಣಿಸಬೇಕು. ಅವನು ಗೋಲು ರೇಖೆಯ ಮೇಲೆಯೇ ಇದ್ದಾನೆಂದು ತಿಳಿಯಬೇಕು.

ಹೆತ್ತವರಲ್ಲಿ ಒಂದು ಬಿನ್ನಹ

ಬಾವುಟ ಹಿಡಿದವನ ಕೆಲಸ ಸುಲಭವಲ್ಲ. ಅವನು ಒಂದು ಕಣ್ಣಿನಿಂದ ಚೆಂಡು ಹೊರಡುವ ಕ್ಷಣವನ್ನೂ ಇನ್ನೊಂದು ಕಣ್ಣಿನಿಂದ ಕೊನೆಯ ಸಾಲನ್ನೂ ನೋಡಬೇಕು. ಮೈದಾನದ ಅಂಚಿನ ಬೇರೆ ಜಾಗದಲ್ಲಿ ನಿಂತ ನಮಗೆ ಆ ಸಾಲು ಓರೆಯಾಗಿಯೇ ಕಾಣುತ್ತದೆ. ವಿಶ್ವಕಪ್ಪಿನಲ್ಲಿ ಈಗ ಯಂತ್ರಗಳ ಸಹಾಯ ಉಂಟು. ನಮ್ಮ ಶಾಲಾ ಮೈದಾನದಲ್ಲಿ ಇರುವುದು ಒಬ್ಬ ಹುಡುಗ ಮತ್ತು ಒಂದು ಬಟ್ಟೆಯ ತುಂಡು.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಅಧ್ಯಾಪಕನಾಗುವ ಮೊದಲು, ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಹಿಂದೆ, ಒಂದು ಶಾಲಾ ಪಂದ್ಯದಲ್ಲಿ ನನ್ನ ಕೈಗೆ ಬಾವುಟ ಕೊಟ್ಟಿದ್ದರು. ನಿಯಮಗಳು ಗೊತ್ತಿವೆ ಎಂದು ನಾನು ತಿಳಿದಿದ್ದೆ. ತ್ರೋ ಇನ್ ಒಂದನ್ನು ಎಲ್ಲರ ಹಿಂದೆ ನಿಂತಿದ್ದ ಒಬ್ಬ ಸಣ್ಣ ಹುಡುಗ ನೇರವಾಗಿ ಪಡೆದು ಗೋಲು ಮಾಡಿದನು. ನಾನು ಬಾವುಟ ಎತ್ತಿದೆ. ರೆಫರಿ ನನ್ನನ್ನು ನಂಬಿದರು. ಗೋಲು ಹೋಯಿತು, ಒಂದು ಗೋಲಿನಿಂದ ಆ ತಂಡ ಸೋತಿತು. ಯಾರೂ ನನ್ನನ್ನು ಬೈಯಲಿಲ್ಲ, ಯಾಕೆಂದರೆ ಅಲ್ಲಿದ್ದ ಯಾರಿಗೂ ನಿಯಮ ಗೊತ್ತಿರಲಿಲ್ಲ. ಆಟ ಮುಗಿದ ಮೇಲೆ ಆ ಹುಡುಗ ಬಂದು, "ಸರ್, ನಾನು ಎಲ್ಲಿ ನಿಲ್ಲಬೇಕಾಗಿತ್ತು?" ಎಂದು ಕೇಳಿದನು. "ಸ್ವಲ್ಪ ಹಿಂದೆ" ಎಂದೆ. ಅವನು ತಲೆಯಾಡಿಸಿ ಹೋದನು.

ಮರು ವರ್ಷ ತರಬೇತಿಯಲ್ಲಿ ನಿಯಮ ಪುಸ್ತಕವನ್ನು ಸರಿಯಾಗಿ ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಅವನು ಯಾವ ಶಾಲೆಯವನು, ಈಗ ಎಲ್ಲಿದ್ದಾನೆ ಎಂಬುದು ನನಗೆ ತಿಳಿಯದು. ಅವನು ನಿಲ್ಲಬೇಕಾಗಿದ್ದುದು ನಿಂತ ಜಾಗದಲ್ಲಿಯೇ.

ನಮ್ಮ ಮಕ್ಕಳಲ್ಲಿ ಯಾರೂ ತಾನು ಮಾಡದ ತಪ್ಪನ್ನು ಹೊತ್ತು ಮನೆಗೆ ಹೋಗದಿರಲಿ. ಮಾಡಿದ ತಪ್ಪಿನ ಕಾರಣ ತಿಳಿಯದೆಯೂ ಹೋಗದಿರಲಿ. ಬರುವ ವರ್ಷದ ಪಂದ್ಯದಲ್ಲಿ ಬಾವುಟ ಮೇಲೆದ್ದಾಗ ಕೂಗುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ನಮ್ಮವರಲ್ಲಿ ಕೊನೆಯದಾಗಿ ಚೆಂಡನ್ನು ಮುಟ್ಟಿದವರು ಯಾರು? ಕಾರ್ನರ್ ಹೊಡೆದವನೇ, ಅಥವಾ ಅವನ ಜೊತೆಗಾರನೇ?

— ದೈಹಿಕ ಶಿಕ್ಷಣ ಅಧ್ಯಾಪಕ